ಹೆಸರು ಓದಿಸಿ ಕೊಡುವ ಕಾಣಿಕೆ, ಎಲ್ಲರೆದುರಿನ ಪ್ರಾರ್ಥನೆ ತಪ್ಪೇ?

ರಾಯಚೂರಿನ ನಿಮ್ಮ ಚರ್ಚ್ ಸಭೆಯಲ್ಲಿ ಸುಗ್ಗಿ ಹಬ್ಬದ ಕಾಣಿಕೆ ಕೊಟ್ಟವರ ಹೆಸರು, ಮೊತ್ತ ಎರಡನ್ನೂ ಮೈಕಿನಲ್ಲಿ ಓದುತ್ತಾರೆ, ಇದು ಯೇಸುಸ್ವಾಮಿಯ ಮಾತಿಗೆ ವಿರುದ್ಧವಲ್ಲವೇ, ಎಲ್ಲರೆದುರು ಪ್ರಾರ್ಥಿಸುವುದೂ ತಪ್ಪೇ ಎಂದು ಕೇಳಿದ್ದೀರಿ.

ಬಹಿರಂಗವಾಗಿ ಕೊಡುವುದೇ ತಪ್ಪಲ್ಲ. ಬೈಬಲಿನ ಮತ್ತಾಯ 6:1ರಲ್ಲಿ ಯೇಸು ತಡೆಯುವುದು, ಜನ ನೋಡಲಿ ಎಂಬ ಕಾರಣಕ್ಕೇ ಕೊಡುವುದನ್ನು. ಅದಕ್ಕೂ ಮುಂಚೆ 5:16ರಲ್ಲಿ, ನಿಮ್ಮ ಒಳ್ಳೆಯ ಕೆಲಸ ನೋಡಿ ಜನ ತಂದೆಯನ್ನು ಕೊಂಡಾಡಲಿ ಎಂದೂ ಅವರೇ ಹೇಳಿದ್ದಾರೆ. ಹೊಗಳಿಕೆ ಯಾರಿಗೆ ಸಲ್ಲಬೇಕೆಂದು ನಮ್ಮ ಮನಸ್ಸು ಬಯಸುತ್ತದೆ ಎನ್ನುವುದೇ ಇಲ್ಲಿನ ಪ್ರಶ್ನೆ. ಈ ಸಲ ನಿಮ್ಮ ಹೆಸರು ಓದಲು ಮರೆತರು ಅಂದುಕೊಳ್ಳಿ. ಸಿಟ್ಟು ಬಂದರೆ ಉತ್ತರ ಅಲ್ಲೇ ಇದೆ.

ಆದರೂ ಮೊತ್ತ ಓದುವುದು ನನಗೆ ಒಪ್ಪಿಗೆಯಿಲ್ಲ. ಕೂಲಿ ಮಾಡಿ ಒಂದು ಸೇರು ಜೋಳ ತಂದವಳು ಸಾವಿರಗಳ ಪಟ್ಟಿ ಕೇಳುತ್ತಾ ತಲೆ ತಗ್ಗಿಸಬೇಕೇ? ಮಾರ್ಕ 12ರಲ್ಲಿ ಬಡ ವಿಧವೆ ಹಾಕಿದ ಎರಡು ಕಾಸನ್ನೇ ಯೇಸು ಎಲ್ಲರದಕ್ಕಿಂತ ಹೆಚ್ಚೆಂದರು, ಏಕೆಂದರೆ ಅವಳ ಬದುಕಿಗೆ ಇದ್ದದ್ದೇ ಅಷ್ಟು. ಲೆಕ್ಕ ಪಾರದರ್ಶಕವಾಗಿರಲೇಬೇಕು, ಅದಕ್ಕೆ ಒಟ್ಟು ಮೊತ್ತ ಹೇಳಿ ಕೊಟ್ಟವರಿಗೆ ರಸೀದಿ ಕೊಟ್ಟರೆ ಸಾಕು.

ಪ್ರಾರ್ಥನೆಯೂ ಹಾಗೆಯೇ. ಬಾಗಿಲು ಮುಚ್ಚಿಕೊಂಡು ಪ್ರಾರ್ಥಿಸು ಎಂದು ಯೇಸು ಹೇಳಿದ್ದರೂ ಅವರ ಶಿಷ್ಯರು ಒಟ್ಟಾಗಿ ಪ್ರಾರ್ಥಿಸುತ್ತಿದ್ದರು (ಅಪೊಸ್ತಲರ ಕೃತ್ಯಗಳು 1:14). ಲೂಕ 18ರಲ್ಲಿ ಯೇಸು ಹೇಳಿದ ಕಥೆಯ ಫರಿಸಾಯನೂ (ಧರ್ಮನಿಯಮಗಳನ್ನು ಕಟ್ಟುನಿಟ್ಟಾಗಿ ಪಾಲಿಸುವ ಯೆಹೂದ್ಯ ಪಂಗಡದವ) ಸುಂಕ ವಸೂಲಿ ಮಾಡುವವನೂ ಒಂದೇ ದೇವಾಲಯದಲ್ಲಿ ನಿಂತಿದ್ದರು. ಫರಿಸಾಯ ತನ್ನ ಉಪವಾಸ, ದಶಮಾಂಶಗಳನ್ನು (ಆದಾಯದ ಹತ್ತನೇ ಒಂದು ಪಾಲಿನ ಕಾಣಿಕೆ) ಎಣಿಸಿದ, ಸುಂಕದವ ಕರುಣೆ ಬೇಡಿದ. ಜಾಗ ಒಂದೇ, ಮನಸ್ಸು ಬೇರೆ.

ಹಬ್ಬಕ್ಕೆ ಮುಂಚೆಯೇ ಸಭಾಪಾಲಕರ (ಪಾಸ್ಟರ್) ಹತ್ತಿರ ಈ ಮಾತು ಎತ್ತಿ, ಅವರು ಒಬ್ಬರೇ ಇದ್ದಾಗ.