ಅಪ್ಪ ನೆಟ್ಟು 28 ವರ್ಷ, ತೇಗದಲ್ಲಿ ಉಂಗುರ 31!

ಚನ್ನಗಿರಿ ಕಡೆಯ ಒಬ್ರು ಅಡಿಕೆ ಬೆಳೆಗಾರರು ಕಾಗದ ಬರೆದಿದಾರೆ. ಮರದ ಉಂಗುರ ಎಣಿಸಿದ್ರೆ ವಯಸ್ಸು ಸಿಗುತ್ತೆ ಅಂತ ಮಗಳ ಪುಸ್ತಕದಲ್ಲಿ ಇತ್ತಂತೆ, ಗಾಳಿಗೆ ಬಿದ್ದ ಅಡಿಕೆ ಮರ ಕೊಯ್ದ್ರೆ ಒಂದೂ ಉಂಗುರ ಇಲ್ಲ, ತೋಟದ ಬದುವಿನ ತೇಗ ಸಾಮಿಲ್‌ಗೆ ಹಾಕಿದಾಗ ಎಣಿಸಿದ್ರೆ 31, ಆದ್ರೆ ಅವರಪ್ಪ ಸಸಿ ನೆಟ್ಟು 28 ವರ್ಷ. ‘ಪುಸ್ತಕ ಸುಳ್ಳೋ, ನಮ್ಮಪ್ಪನ ಲೆಕ್ಕ ಸುಳ್ಳೋ?’ ಅಂತ ಕೇಳಿದಾರೆ.

ಅಪ್ಪನ್ನ ಬಿಡ್ರಿ ಯಜಮಾನ್ರೆ, ಅವರು ಸರಿ ಇದಾರೆ. ಅಡಿಕೆದು ಮೊದ್ಲು ಮುಗಿಸ್ತೀನಿ: ಅಡಿಕೆ, ತೆಂಗು, ಬಿದಿರು ಎಲ್ಲ ಹುಲ್ಲಿನ ನೆಂಟರು, ವರ್ಷವರ್ಷ ಕಟ್ಟಿಗೆ ಸುತ್ತೋ ಪದರಾನೇ ಅವಕ್ಕಿಲ್ಲ. ಮೇಲಿರೋ ಬಳೆ ಹಾಳೆ ಕಳಚಿದ ಗುರುತು ಅಂತ ನಿಮಗೇ ಗೊತ್ತು.

ತೇಗಕ್ಕೆ ಆ ಪದರ ಇದೆ. ಹಸಿ ತೊಗಟೆ ಸುಲಿದ್ರೆ ಕೆಳಗೆ ಜಾರೋ ಹಂಗಿರುತ್ತಲ್ಲ, ಅಲ್ಲೇ, ಕ್ಯಾಂಬಿಯಂ ಅಂತಾರೆ, ಅದು ಒಳಕ್ಕೆ ಕಟ್ಟಿಗೆ ಹೊರಕ್ಕೆ ತೊಗಟೆ ಕಟ್ತಾ ಹೋಗುತ್ತೆ. ಎಲೆ ಉದುರಿ ಮರ ಬೋಳಾದಾಗ ಕೆಲಸ ಬಂದ್. ಮಳೆ ಹನಿದು ಚಿಗುರಿದಾಗ ನೀರೇರಿಸೋಕೆ ದೊಡ್ಡ ದೊಡ್ಡ ಕೊಳವೆ ಮಾಡುತ್ತೆ, ಬರಿಗಣ್ಣಿಗೇ ತೂತು ಕಾಣ್ತವೆ, ಆಮೇಲಾಮೇಲೆ ಸಣ್ಣ ಕೊಳವೆ, ಒತ್ತು ಕಟ್ಟಿಗೆ. ಅದರ ಮಗ್ಗುಲಿಗೆ ಮುಂದಿನ ವರ್ಷದ ತೂತಿನ ಸಾಲು ಬಂದ್ರೆ ಅದೇ ಗೆರೆ.

ಅಂದ್ರೆ ಮರ ಎಣಿಸೋದು ವರ್ಷಾನ ಅಲ್ಲ, ತಾನು ಕೆಲಸ ನಿಲ್ಸಿದ್ದನ್ನ. ಹಿಮ ಬೀಳೋ ದೇಶದಲ್ಲಿ ಚಳಿ ವರ್ಷಕ್ಕೊಮ್ಮೆ ಗ್ಯಾರಂಟಿ ನಿಲ್ಸುತ್ತೆ, ಪುಸ್ತಕದವರು ಬರೆದಿದ್ದು ಆ ಲೆಕ್ಕ. ನಮ್ಮಲ್ಲಿ ನಿಲ್ಸೋದು ನೀರು, ಅದಕ್ಕೆಲ್ಲಿ ನಿಯತ್ತು? ಮುಂಗಾರು ಬಂದು ಕೈಕೊಟ್ಟು ಸೆಪ್ಟೆಂಬರ್‌ನಲ್ಲಿ ಮತ್ತೆ ಹಿಡಿದ್ರೆ ಒಂದೇ ವರ್ಷಕ್ಕೆ ಎರಡು ಗೆರೆ ಬೀಳಬಹುದು, ಇನ್ನು ಬದುವಿನ ಮರ ಅಂದ್ರೆ ತೋಟಕ್ಕೆ ಬಿಟ್ಟ ಬೋರ್ ನೀರು ಬೇರೆ ಕುಡಿದಿರುತ್ತೆ. ಹಂಗಾಗಿ ನಿಮ್ಮ ಹೆಚ್ಚಿನ ಮೂರು ಸುಳ್ಳು ಉಂಗುರ ಅಂತ ನನ್ನ ಅನುಮಾನ.

ಗರಗಸದ ಗೀರಿನ ಮೇಲೆ ಎಣಿಸಬೇಡ್ರಿ, ಸ್ಯಾಂಡ್‌ಪೇಪರ್ ಹೊಡೆದು ಒದ್ದೆ ಮಾಡಿ ನೋಡ್ರಿ. ನಿಜವಾದ ಗೆರೆ ಒಂದು ಕಡೆ ಚೂಪಾಗಿ ನಿಲ್ಲುತ್ತೆ, ಸುತ್ತೂ ಸಿಗುತ್ತೆ. ಸುಳ್ಳುದು ಎರಡೂ ಕಡೆ ಮಸುಕು, ಎಷ್ಟೋ ಸಲ ಅರ್ಧ ಸುತ್ತಿಗೇ ಮಾಯ. ಅಮೆರಿಕದ ಅರಿಜೋನಾದಲ್ಲಿ ಡಗ್ಲಾಸ್ ಅನ್ನೋ ಖಗೋಳ ವಿಜ್ಞಾನಿ (ಸೂರ್ಯನ ಕಲೆಗಳ ಹಳೇ ಲೆಕ್ಕ ಹುಡುಕೋಕೆ ಹೋಗಿ ಮರಕ್ಕೆ ಬಿದ್ದೋರು) ಒಂದು ಮರ ನಂಬ್ತಿರಲಿಲ್ಲ, ನಾಲ್ಕಾರು ಮರದ ಅಗಲ-ಕಿರಿದು ಉಂಗುರ ಪಕ್ಕಪಕ್ಕ ಇಟ್ಟು ತಾಳೆ ನೋಡೋರು. ಪುಣೆಯ ಹವಾಮಾನ ಸಂಸ್ಥೆಯವರೂ ಹಳೇ ಮಳೆ ಲೆಕ್ಕಕ್ಕೆ ತೇಗದ ಉಂಗುರ ಅಳೀತಾರೆ.

ನೀವೂ ಅದೇ ಬದುವಿನ ಇನ್ನೊಂದು ಬುಡದ ಜೊತೆ ತಾಳೆ ಹಾಕ್ರಿ. ಮಳೆ ಕಮ್ಮಿಯಾದ ವರ್ಷ ಉಂಗುರ ಕಿರಿದಾಗುತ್ತೆ; 2001ರಿಂದ 2003ರ ಬರ ನೆನಪಿದೆಯಲ್ಲ, ನಡುವಿನ ಹತ್ರ ಮೂರು ಉಂಗುರ ಒತ್ತೊತ್ತಾಗಿ ಸಿಕ್ರೆ ಅಲ್ಲಿಂದ ಹೊರಕ್ಕೆ ಎಣಿಸ್ಕೊಂಡು ಬರ್ರಿ. ತುಂಡು ಇನ್ನೂ ಸಾಮಿಲ್‌ನಲ್ಲೇ ಇದ್ರೆ ಹಲಗೆ ಹೊಡೆಸೋ ಮುಂಚೆ ಮಗಳನ್ನ ಕರ್ಕೊಂಡು ಹೋಗ್ರಿ.