ಮೂರು ದಿನದ ಸೊಪ್ಪು, ಆರು ವಾರದ ಕಾಮಾಲೆ

ಓದುಗರ ಪತ್ರದ ಸಾರ: "ಕಳೆದ ಸಂಚಿಕೆಯ ಆರೋಗ್ಯ ಲೇಖನದಲ್ಲಿ ನಾಟಿ ಔಷಧವನ್ನು ಮೂಢನಂಬಿಕೆಗಳ ಸಾಲಿಗೆ ಸೇರಿಸಿದ್ದೀರಿ. ನಮ್ಮ ಪಕ್ಕದ ಮನೆಯ ಹುಡುಗನಿಗೆ ಕಾಮಾಲೆ ಬಂದಾಗ ಮಾಗಡಿ ಕಡೆಯ ಹಳ್ಳಿಯೊಂದರಲ್ಲಿ ಮೂರು ದಿನ ಬರಿಹೊಟ್ಟೆಗೆ ಸೊಪ್ಪಿನ ರಸ ಕುಡಿಸಿ, ಉಪ್ಪು ಎಣ್ಣೆ ಬಿಡಿಸಿ ಪಥ್ಯ ಮಾಡಿಸಿದರು. ಒಂದೂವರೆ ತಿಂಗಳಲ್ಲಿ ಪೂರ್ತಿ ಗುಣವಾಯಿತು. ಇದನ್ನು ಕಣ್ಣಾರೆ ಕಂಡವಳು ನಾನು. ಮೊಟ್ಟೆ ಒಳ್ಳೆಯದೋ ಕೆಟ್ಟದ್ದೋ ಎಂಬುದನ್ನೇ ತೀರ್ಮಾನಿಸಲಾರದ ವಿಜ್ಞಾನ ನಮ್ಮ ಅಜ್ಜಿಯರನ್ನು ಪರೀಕ್ಷೆಗೆ ಕೂರಿಸುವುದು ಎಷ್ಟು ಸರಿ?" – ನಿವೃತ್ತ ಶಿಕ್ಷಕಿ, ರಾಜಾಜಿನಗರ, ಬೆಂಗಳೂರು

ಮಾನ್ಯರೇ,

ನಾಲ್ಕು ಪುಟಗಳ ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಹೇಳಬೇಕಾದ್ದನ್ನು ಅಂಜದೆ, ಒಂದು ಕಾಗುಣಿತದ ತಪ್ಪೂ ಇಲ್ಲದೆ ಬರೆದಿದ್ದೀರಿ. ಇಂತಹ ಪತ್ರಕ್ಕೆ ಎರಡು ಸಾಲಿನ ಉತ್ತರ ಕೊಟ್ಟು ಕೈತೊಳೆದುಕೊಳ್ಳುವುದು ಸರಿಯಲ್ಲ.

ಒಪ್ಪತಕ್ಕದ್ದನ್ನು ಮೊದಲೇ ಒಪ್ಪಿಬಿಡುತ್ತೇನೆ. ಹಿರಿಯರ ಗಿಡಮೂಲಿಕೆಯ ತಿಳಿವಳಿಕೆ ಬರಿಯ ಕಟ್ಟುಕತೆಯಲ್ಲ. ಸರ್ಪಗಂಧದ ಬೇರು ರಕ್ತದೊತ್ತಡವನ್ನು ಇಳಿಸುತ್ತದೆಂದು ಮುಂಬಯಿಯ ವೈದ್ಯ ರುಸ್ತುಂ ಜಾಲ್ ವಕೀಲರು ತಮ್ಮ ರೋಗಿಗಳಲ್ಲಿ ಕಂಡು, 1949ರಲ್ಲಿ ಬ್ರಿಟನ್ನಿನ ಹೃದ್ರೋಗ ಪತ್ರಿಕೆಯಲ್ಲಿ ಪ್ರಕಟಿಸಿದ ಮೇಲೆ ಹೊರದೇಶಗಳ ವೈದ್ಯರೂ ಅದರತ್ತ ತಿರುಗಿದರು. ಕೆಮ್ಮುವ ಮಗುವಿಗೆ ಮಲಗುವ ಮುನ್ನ ಒಂದು ಚಮಚ ಜೇನುತುಪ್ಪ ಕೊಡುವ ಪದ್ಧತಿಯೂ ಪರೀಕ್ಷೆಯಲ್ಲಿ ತಕ್ಕಮಟ್ಟಿಗೆ ಗೆದ್ದಿದೆ. ಆದರೆ ಅದೇ ಅಜ್ಜಿ, ಅದೇ ಜೇನನ್ನು ಹಸುಗೂಸಿನ ನಾಲಗೆಗೆ ನೆಕ್ಕಿಸುತ್ತಾರೆ. ವರ್ಷ ತುಂಬದ ಮಗುವಿನ ಕರುಳಿನಲ್ಲಿ ಜೇನಿನೊಳಗಿನ ಬೊಟುಲಿನಂ ಎಂಬ ಬ್ಯಾಕ್ಟೀರಿಯಾದ ಬೀಜಾಣು ಮೊಳೆತು, ಸ್ನಾಯುಗಳ ಶಕ್ತಿಯನ್ನೇ ಕಸಿಯುವ ವಿಷವನ್ನು ಹುಟ್ಟಿಸಬಲ್ಲದು. ಎರಡೂ ಒಂದೇ ವಾತ್ಸಲ್ಯದಿಂದ ಬಂದ ಮಾತು. ಒಂದು ಉಪಕಾರ, ಇನ್ನೊಂದು ಅಪಾಯ. ಪರೀಕ್ಷೆ ಮಾಡದೆ ಇವೆರಡನ್ನು ಬೇರ್ಪಡಿಸುವುದು ಹೇಗೆಂದು ನೀವೇ ಹೇಳಿ. ನಲವತ್ತು ಮಕ್ಕಳ ಉತ್ತರಪತ್ರಿಕೆ ತಿದ್ದುವಾಗ ಮಗುವಿನ ಮೇಲಿನ ಪ್ರೀತಿಯನ್ನು ನೋಡಿ ನೀವು ಅಂಕ ಕೊಟ್ಟವರಲ್ಲ.

ಇನ್ನು ಕಾಮಾಲೆಯ ವಿಷಯ. ಕಾಮಾಲೆಯೆಂಬುದು ಒಂದು ರೋಗದ ಹೆಸರಲ್ಲ. ರಕ್ತದಲ್ಲಿ ಬಿಲಿರುಬಿನ್ ಎಂಬ ಹಳದಿ ದ್ರವ್ಯ ಹೆಚ್ಚಾಗಿ ಕಣ್ಣು, ಚರ್ಮ ಹಳದಿಯಾಗುವ ಲಕ್ಷಣ. ನಮ್ಮ ಊರಿನಲ್ಲಿ ಹುಡುಗರಿಗೆ ಬರುವ ಕಾಮಾಲೆಗೆ ಅನೇಕ ವೇಳೆ ಕೊಳಚೆ ಬೆರೆತ ನೀರಿನಿಂದ ಹರಡಿ ಯಕೃತ್ತಿಗೆ ತಗಲುವ ಹೆಪಟೈಟಿಸ್ ಎ ವೈರಾಣು ಕಾರಣ. ಅದಕ್ಕೆ ಅಲೋಪತಿಯಲ್ಲಿಯೂ ನಿರ್ದಿಷ್ಟ ಮದ್ದಿಲ್ಲ. ವಿಶ್ರಾಂತಿ ತೆಗೆದುಕೊಳ್ಳಿ, ನೀರು ಕುಡಿಯಿರಿ, ಸೇರಿದಷ್ಟು ಊಟ ಮಾಡಿ ಎಂದು ಹೇಳಿ ವೈದ್ಯರು ಕಳುಹಿಸುತ್ತಾರೆ. ಕೆಲವು ವಾರಗಳಿಂದ ಎರಡು ತಿಂಗಳೊಳಗೆ ಬಹುತೇಕರು ತಾವಾಗಿಯೇ ಚೇತರಿಸಿಕೊಳ್ಳುತ್ತಾರೆ. ನಿಮ್ಮ ಪಕ್ಕದ ಮನೆಯ ಹುಡುಗ ಒಂದೂವರೆ ತಿಂಗಳಲ್ಲಿ ಗುಣವಾದ. ಸೊಪ್ಪು ಕುಡಿದದ್ದು ಮೂರೇ ದಿನ. ಉಳಿದ ಆರು ವಾರ ದುಡಿದದ್ದು ಅವನ ದೇಹ, ಹೆಸರು ಬಂದದ್ದು ಸೊಪ್ಪಿಗೆ. ಉಪ್ಪು, ಎಣ್ಣೆ ಬಿಡಿಸಿದ ಪಥ್ಯವಂತೂ ವಾಂತಿಯಿಂದ ಬಳಲಿದ ಹುಡುಗನ ಬಾಯಿರುಚಿಯನ್ನು ಇನ್ನಷ್ಟು ಕೆಡಿಸಿರಬೇಕು.

ಹಾಗೆಂದು ವಿಜ್ಞಾನ ಇಂತಹ ಸೊಪ್ಪನ್ನು ತಿರುಗಿಯೂ ನೋಡಲಿಲ್ಲವೆಂದು ಭಾವಿಸಬೇಡಿ. ಕಾಮಾಲೆಗೆ ನಮ್ಮಲ್ಲಿ ಬಹಳ ಬಳಕೆಯಲ್ಲಿರುವ ನೆಲನೆಲ್ಲಿಯನ್ನು ಚೆನ್ನೈನ ಸಂಶೋಧಕರು ಹೆಪಟೈಟಿಸ್ ಬಿ ವೈರಾಣುವನ್ನು ಹೊತ್ತವರಿಗೆ ಕೊಟ್ಟು ನೋಡಿ, ಆಶಾದಾಯಕ ಫಲ ಕಂಡಿತೆಂದು 1988ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬರೆದರು. ವೈದ್ಯಲೋಕದ ಅತಿ ಪ್ರತಿಷ್ಠಿತ ಪತ್ರಿಕೆಗಳಲ್ಲೊಂದು ನಮ್ಮ ಹಿತ್ತಲ ಗಿಡಕ್ಕೆ ಜಾಗ ಕೊಟ್ಟಿತು. ಬೇರೆ ಕಡೆಗಳಲ್ಲಿ ಅದೇ ಪ್ರಯೋಗ ಮಾಡಿದವರಿಗೆ ಅಂತಹ ಫಲ ಸಿಗಲಿಲ್ಲ. ಗಿಡಕ್ಕೆ ಅವಮಾನವಾಗಲಿಲ್ಲ, ಅಜ್ಜಿಗೂ ಆಗಲಿಲ್ಲ. ಕೇಳಬೇಕಾದ ಪ್ರಶ್ನೆಯನ್ನು ಕೇಳಿದರು, ಬಂದ ಉತ್ತರವನ್ನು ಮುಚ್ಚಿಡದೆ ಹೇಳಿದರು.

ತಾನಾಗಿ ನಿಲ್ಲುವ ಕಾಯಿಲೆ ನಮ್ಮ ಕಣ್ಣಿಗೆ ಹೇಗೆ ಮಂಕು ಕವಿಸುತ್ತದೆಂಬುದನ್ನು ನಾನೇ ಕಂಡಿದ್ದೇನೆ. ಬಹಳ ವರ್ಷಗಳ ಹಿಂದೆ, ಪತ್ರಿಕೆ ಅಚ್ಚಾಗುತ್ತಿದ್ದ ಚಾಮರಾಜಪೇಟೆಯ ಮುದ್ರಣಾಲಯದಲ್ಲಿ ಕರಡು ತಿದ್ದುತ್ತ ಕುಳಿತಿದ್ದಾಗ, ಅಚ್ಚಿನ ಮೊಳೆ ಜೋಡಿಸುತ್ತಿದ್ದ ಹುಡುಗ ಮೂರ್ಛೆ ಬಂದು ದೊಪ್ಪನೆ ಬಿದ್ದ. ಮೆಷಿನ್ ನಡೆಸುತ್ತಿದ್ದವರು ಓಡಿಬಂದು ಬಾಗಿಲ ಕೀಲಿಕೈ ಗೊಂಚಲನ್ನು ಅವನ ಅಂಗೈಗೆ ತುರುಕಿ ಬೆರಳು ಮಡಿಸಿ ಹಿಡಿದರು. ನಾನು, ಪದವಿ ಪಡೆದು ಪತ್ರಿಕೆ ನಡೆಸುವವನು, ನಾಲಗೆ ಕಚ್ಚಿಕೊಂಡಾನೆಂದು ಕಾಫಿ ಲೋಟದಲ್ಲಿದ್ದ ಚಮಚವನ್ನು ಅವನ ಹಲ್ಲುಗಳ ನಡುವೆ ತೂರಿಸಿದೆ. ಎರಡು ನಿಮಿಷದಲ್ಲಿ ನಡುಕ ನಿಂತಿತು. "ನೋಡಿದ್ರಾ ಸಾರ್, ಕಬ್ಬಿಣ ಕೈಗೆ ತಾಗಿದ್ದೇ ತಡ" ಎಂದು ಅವರು ಬೆವರು ಒರೆಸಿಕೊಂಡರು. ಹುಡುಗ ಕಣ್ಣುಬಿಟ್ಟಾಗ ಅವನ ಅಂಗೈಯಲ್ಲಿ ಕೀಲಿಕೈ ಹಲ್ಲುಗಳ ಕೆಂಪು ಗುರುತು ಸಾಲಾಗಿ ಮೂಡಿತ್ತು, ಮುಂದಿನ ಹಲ್ಲೊಂದರ ತುದಿ ಮುರಿದಿತ್ತು. ಆ ಹಲ್ಲನ್ನು ಮುರಿದದ್ದು ಮೂರ್ಛೆಯಲ್ಲ, ನನ್ನ ಚಮಚ. ಇಂದಿಗೂ ಆ ಸಂಕಟ ನನ್ನನ್ನು ಬಿಟ್ಟಿಲ್ಲ.

ಬಹುಪಾಲು ಮೂರ್ಛೆಗಳು ಎರಡು ಮೂರು ನಿಮಿಷದಲ್ಲಿ ತಾವಾಗಿಯೇ ನಿಲ್ಲುತ್ತವೆ. ಕೀಲಿಕೈ ಹುಡುಕಿ ತರಲು ಅಷ್ಟೇ ಹೊತ್ತು ಬೇಕು. ಆಗ ಮಾಡಬೇಕಾದದ್ದು ಸುತ್ತಲಿನ ಗಟ್ಟಿ ವಸ್ತುಗಳನ್ನು ಸರಿಸುವುದು, ತಲೆಯ ಕೆಳಗೆ ಮಡಿಸಿದ ಬಟ್ಟೆ ಇಡುವುದು, ಜೊಲ್ಲು ಹೊರಗೆ ಹರಿಯುವಂತೆ ಒಂದು ಮಗ್ಗುಲಿಗೆ ತಿರುಗಿಸುವುದು, ಗಡಿಯಾರ ನೋಡುವುದು. ಬಾಯಿಗೆ ಏನನ್ನೂ ಹಾಕಬಾರದು. ಐದು ನಿಮಿಷ ದಾಟಿದರೆ 108ಕ್ಕೆ ಕರೆ ಮಾಡಬೇಕು. ನಿಮ್ಹಾನ್ಸ್‌ನಂತಹ ಸಂಸ್ಥೆ ಇರುವ ಬೆಂಗಳೂರಿನಲ್ಲಿ, ಬಸ್ಸಿನಲ್ಲಿ ಒಬ್ಬರು ಮೂರ್ಛೆಹೋದರೆ ಇಂದಿಗೂ ಮೊದಲು ಕೇಳಿಬರುವ ಮಾತು "ಯಾರ ಹತ್ರಾನಾದ್ರೂ ಕೀ ಇದೆಯಾ?" ಎಂಬುದೇ.

ಇದು ಓದದವರ ದೋಷವೆಂದು ನಾನು ಹೇಳುತ್ತಿಲ್ಲ. ನೆಗಡಿಯಾದ ಮೂರನೆಯ ದಿನ ಔಷಧದಂಗಡಿಗೆ ಹೋಗಿ, ವೈದ್ಯರ ಚೀಟಿ ಇಲ್ಲದೆ ಆ್ಯಂಟಿಬಯಾಟಿಕ್ ಕೇಳಿ ಪಡೆದು, ಆರನೆಯ ದಿನ ಮೂಗು ಸರಿಹೋದಾಗ ಮಾತ್ರೆಯನ್ನು ಹೊಗಳುವ ಎಂಜಿನಿಯರ್ ಕೂಡ ಕೈಯಲ್ಲಿ ಕೀಲಿಕೈ ಹಿಡಿದವನೇ. ನೆಗಡಿ ವೈರಾಣುವಿನದು; ಆ ಮಾತ್ರೆ ಬ್ಯಾಕ್ಟೀರಿಯಾದ ಮೇಲಷ್ಟೇ ಕೆಲಸ ಮಾಡುವಂಥದ್ದು. ಅವನ ಕೀಲಿಕೈ ಹೆಚ್ಚು ಅಪಾಯಕಾರಿ, ಏಕೆಂದರೆ ಆ ಮಾತ್ರೆಗೆ ಬಗ್ಗದಂತೆ ಪಳಗಿದ ಬ್ಯಾಕ್ಟೀರಿಯಾ ಊರಿಗೆಲ್ಲ ಹರಡುತ್ತದೆ.

ಮೊಟ್ಟೆಯ ಬಗ್ಗೆ ನೀವು ಕೇಳಿದ್ದು ನ್ಯಾಯವಾದ ಪ್ರಶ್ನೆ. ದಿನಕ್ಕೆ 300 ಮಿಲಿಗ್ರಾಂಗಿಂತ ಹೆಚ್ಚು ಕೊಲೆಸ್ಟೆರಾಲ್ ತಿನ್ನಬಾರದೆಂದು ಅಮೆರಿಕದವರು ಬಹುಕಾಲ ಹೇಳಿದರು, 2015ರ ಮಾರ್ಗಸೂಚಿಯಲ್ಲಿ ಆ ಮಿತಿಯನ್ನು ಕೈಬಿಟ್ಟರು. ರಕ್ತದಲ್ಲಿರುವ ಕೊಲೆಸ್ಟೆರಾಲಿನ ಬಹುಭಾಗವನ್ನು ನಮ್ಮ ಯಕೃತ್ತೇ ತಯಾರಿಸುತ್ತದೆ, ತಿಂದದ್ದರ ಪ್ರಭಾವ ಎಣಿಸಿದಷ್ಟಿಲ್ಲ ಎಂಬ ಪುರಾವೆ ಬಲವಾದದ್ದು ಕಾರಣ. ನಿಮಗೆ ಇದು ಚಂಚಲತೆಯಾಗಿ ಕಂಡಿತು. ನನಗೆ ಇದೇ ಪ್ರಾಮಾಣಿಕತೆ. ತಪ್ಪಾಗಿತ್ತೆಂದು ಹೇಳಿ ಪಥ್ಯದ ಪಟ್ಟಿಯನ್ನು ತಿದ್ದಿದ ಯಾವ ನಾಟಿ ಔಷಧದ ಮನೆಯನ್ನು ನೀವು ನೋಡಿದ್ದೀರಿ?

ಆದರೂ ನಿಮ್ಮ ಸಿಟ್ಟಿನ ಹಿಂದೆ ಇರುವ ನೋವು ನನಗೆ ಅರ್ಥವಾಗುತ್ತದೆ, ಅದರಲ್ಲಿ ನನಗೂ ಪಾಲಿದೆ. ಮಾಗಡಿ ಕಡೆಯ ಆ ಔಷಧದವರು ಹುಡುಗನ ತಾಯಿಯನ್ನು ಕೂರಿಸಿಕೊಂಡು, ಅವರದೇ ಮಾತಿನಲ್ಲಿ, ಏನು ತಿನ್ನಬೇಕು, ಏನು ಬಿಡಬೇಕು ಎಂದು ತಾಳ್ಮೆಯಿಂದ ಹೇಳಿರುತ್ತಾರೆ. ನಮ್ಮ ನಗರದ ದೊಡ್ಡ ಆಸ್ಪತ್ರೆಗಳಲ್ಲಿ ಎರಡು ಗಂಟೆ ಕಾದು ಒಳಗೆ ಹೋದರೆ ಐದು ನಿಮಿಷ ಸಿಗುವುದಿಲ್ಲ. ಕೈಗೆ ಬರುವ ಚೀಟಿ, ರಕ್ತಪರೀಕ್ಷೆಯ ವರದಿ, ಬಿಡುಗಡೆಯ ಪತ್ರ, ಮಾತ್ರೆಯ ಡಬ್ಬಿಯೊಳಗೆ ಮಡಚಿಟ್ಟ ಎಚ್ಚರಿಕೆ, ಎಲ್ಲವೂ ಇಂಗ್ಲಿಷಿನಲ್ಲಿ. ವಾಟ್ಸಾಪಿನಲ್ಲಿ ಬರುವ ಸುಳ್ಳು ಮಾತ್ರ ಸೊಗಸಾದ ಕನ್ನಡದಲ್ಲಿ, "ಅಕ್ಕಂದಿರೇ, ಅಮ್ಮಂದಿರೇ" ಎಂದು ಕರೆಯುತ್ತ ಮನೆಯೊಳಗೆ ಬಂದು ಕೂರುತ್ತದೆ. ಜನ ಯಾರ ಮಾತು ಕೇಳಿಯಾರು? ಡಾ. ಎಚ್. ನರಸಿಂಹಯ್ಯನವರು ಬಸವನಗುಡಿಯ ನ್ಯಾಷನಲ್ ಕಾಲೇಜಿನಲ್ಲಿ 1962ರಲ್ಲಿ ಬೆಂಗಳೂರು ವಿಜ್ಞಾನ ವೇದಿಕೆಯನ್ನು ಕಟ್ಟಿದ್ದು ವಿಜ್ಞಾನವನ್ನು ಪ್ರಯೋಗಾಲಯದಿಂದ ಜನರ ನಡುವೆ ತರಲೆಂದು. ವೈದ್ಯೆಯಾಗಿದ್ದ ಅನುಪಮಾ ನಿರಂಜನ ಅವರು ಗೃಹಿಣಿಯರಿಗೆ ಅರ್ಥವಾಗುವ ಕನ್ನಡದಲ್ಲಿ ದೇಹದ ವಿಚಾರ ಬರೆದರು. ಇಂದು ಬೆಂಗಳೂರಿನಲ್ಲಿ ವೈದ್ಯರಿಗೆ ಕೊರತೆಯಿಲ್ಲ. ಆದರೆ ಕಾಮಾಲೆಯ ಬಗ್ಗೆ ಎರಡು ಪುಟ ಕನ್ನಡದಲ್ಲಿ ಬರೆದುಕೊಡಿ ಎಂದು ಕೇಳಿದಾಗ, ಇಂಗ್ಲಿಷಿನಲ್ಲಿ ಕೊಡುತ್ತೇನೆ, ನೀವೇ ಅನುವಾದಿಸಿಕೊಳ್ಳಿ ಎನ್ನುವವರೇ ನನಗೆ ಹೆಚ್ಚಾಗಿ ಸಿಕ್ಕಿದ್ದಾರೆ.

ಕೊನೆಯದಾಗಿ ನಿಮ್ಮಿಂದ ಒಂದು ಕೆಲಸವಾಗಬೇಕು. ಆ ಹುಡುಗನಿಗೆ ಯಾವ ವೈರಾಣುವೆಂದು ರಕ್ತಪರೀಕ್ಷೆ ಮಾಡಿಸಿದ್ದರೇ ಎಂದು ಅವನ ತಾಯಿಯನ್ನು ವಿಚಾರಿಸಿ. ಮಾಡಿಸಿಲ್ಲದಿದ್ದರೆ ಈಗಲಾದರೂ ಮಾಡಿಸಲು ಹೇಳಿ. ಹೆಪಟೈಟಿಸ್ ಎ ಆಗಿದ್ದರೆ ನೀರು ಕುದಿಸಿ ಕುಡಿಯುವ ಎಚ್ಚರಿಕೆ ಸಾಕು. ಬಿ ಅಥವಾ ಸಿ ಆಗಿದ್ದರೆ ಕಣ್ಣಿನ ಹಳದಿ ಹೋದ ಮೇಲೂ ವೈರಾಣು ಯಕೃತ್ತಿನಲ್ಲಿ ಸದ್ದಿಲ್ಲದೆ ವರ್ಷಗಟ್ಟಲೆ ಉಳಿದಿರಬಹುದು. ಸಿ ವೈರಾಣುವನ್ನು ಕೆಲವು ತಿಂಗಳ ಮಾತ್ರೆಯಿಂದ ಪೂರ್ತಿ ನಿವಾರಿಸಬಹುದು. ಬಿ ಆದರೆ ಮನೆಯವರೆಲ್ಲ ಪರೀಕ್ಷೆ ಮಾಡಿಸಿ ಲಸಿಕೆ ಹಾಕಿಸಿಕೊಳ್ಳಬೇಕು. ಗೊತ್ತಿಲ್ಲದ ಆಸ್ಪತ್ರೆಗೆ ಹೋಗುವುದು ಹೇಗೆಂದು ಅವರು ಹಿಂಜರಿದರೆ ನೀವೇ ಜೊತೆಗೆ ಹೋಗಿ. ಟೀಚರ್ ಜೊತೆಗಿದ್ದರೆ ವೈದ್ಯರು ಇನ್ನೂ ಐದು ನಿಮಿಷ ಮಾತನಾಡುತ್ತಾರೆ. ವರದಿ ಬಂದ ಮೇಲೆ ಅದು ಏನೇ ಇರಲಿ, ನನಗೆ ಬರೆಯಿರಿ. ನಿಮ್ಮ ಮೊದಲ ಪತ್ರದಷ್ಟೇ ಜಾಗ ಅದಕ್ಕೂ ಇದೆ.

– ಸಂಪಾದಕ