ಲೈಪ್‌ಜಿಗ್‌ಗೆ ಹೊರಡಲೋ ಬೇಡವೋ ಎಂದು ಕೇಳಿದವರಿಗೆ

ಶಿರಸಿಯಿಂದ ಬರೆದ ನೀವು ಎರಡು ಮಾತು ಕೇಳಿದ್ದೀರಿ: ಜರ್ಮನಿಯ ಲೈಪ್‌ಜಿಗ್‌ನಲ್ಲಿ ಸಿಕ್ಕಿರುವ ಕೆಲಸವನ್ನು ಒಪ್ಪಿಕೊಂಡು ಬಂದರೆ ಒಂಟಿತನ ಕಾಡುವುದಿಲ್ಲವೇ, ಮತ್ತು ತೋಟ, ಮನೆ, ನೆಂಟರಿಷ್ಟರ ನಡುವಿನ ನಿಶ್ಚಿಂತೆಯನ್ನು ಬಿಟ್ಟು ಬಂದದ್ದಕ್ಕೆ ಬದುಕು ನಿಜಕ್ಕೂ ವಿಸ್ತಾರವಾಗುತ್ತದೆಯೇ. ನಾನೂ ಶಿರಸಿ ಸೀಮೆಯ ಅಡಿಕೆ ತೋಟದ ಮನೆಯವನು. ಇಲ್ಲಿ ನೆಲೆಸಿ ಬಹಳ ಕಾಲವಾಯಿತು. ಒಂಟಿತನ ಖಂಡಿತ ಕಾಡುತ್ತದೆ. ಡಿಸೆಂಬರಿನಲ್ಲಿ ಸಂಜೆ 4 ಗಂಟೆಗೇ ಸೂರ್ಯ ಮುಳುಗುವ, ಭಾನುವಾರ ಅಂಗಡಿಗಳೆಲ್ಲ ಬಾಗಿಲು ಹಾಕುವ ಊರಿನಲ್ಲಿ ಮೊದಲ ಚಳಿಗಾಲ ಯಾರಿಗೂ ಸುಲಭವಲ್ಲ. ಆದರೆ ನನಗೆ ನಿಮ್ಮ ಬಗ್ಗೆ ಇರುವ ಆತಂಕ ಆ ಕಷ್ಟದ್ದಲ್ಲ, ಅದು ಕಳೆದ ಮೇಲೆ ಬರುವ ಸುಖದ್ದು.

6 ತಿಂಗಳ ಪ್ರೊಬೇಷನ್ ಮುಗಿಯುವಷ್ಟರಲ್ಲಿ ಆಫೀಸಿಗೆ ಇಂಗ್ಲಿಷ್ ಸಾಕೆಂದು ಗೊತ್ತಾಗುತ್ತದೆ, ತೊಗರಿಬೇಳೆ ಸಿಗುವ ಅಂಗಡಿ ಗುರುತಾಗುತ್ತದೆ, ವಾರಾಂತ್ಯಕ್ಕೆ ನಾಲ್ಕಾರು ಕನ್ನಡದ ಮನೆಗಳು ಒದಗುತ್ತವೆ. ರಾತ್ರಿ ಯೂಟ್ಯೂಬಿನಲ್ಲಿ ಯಕ್ಷಗಾನ ಹೇಗೂ ಇದೆ. (ಅದನ್ನು ಬಿಡಿ ಎನ್ನುತ್ತಿಲ್ಲ, ನಾನೂ ಬಿಟ್ಟಿಲ್ಲ.) ಹೀಗೆ ಊರಿನಲ್ಲಿದ್ದದ್ದಕ್ಕಿಂತಲೂ ಇಕ್ಕಟ್ಟಾದ ಬದುಕನ್ನು ಇಲ್ಲಿ ಕಟ್ಟಿಕೊಂಡು, ಎದುರು ಮನೆಯವರ ಹೆಸರೂ ಗೊತ್ತಿಲ್ಲದೆ ವರ್ಷಗಟ್ಟಲೆ ಕಳೆದವರನ್ನು ನಾನು ಬಲ್ಲೆ. ವಿಮಾನ ಹತ್ತಿದ ಮಾತ್ರಕ್ಕೆ ಅವರು ಬೇಲಿ ದಾಟಿದಂತಾಗಲಿಲ್ಲ.

ನನಗೆ ದಾರಿ ತೋರಿದ್ದು ಒಂದು ತುಂಡು ನೆಲ. ಜರ್ಮನಿಯ ಊರುಗಳಲ್ಲಿ ಸಂಘಗಳು ಸದಸ್ಯರಿಗೆ ಗೇಣಿಗೆ ಕೊಡುವ ‘ಕ್ಲೈನ್‌ಗಾರ್ಟನ್’ ಎಂಬ ಪುಟ್ಟ ತೋಟಗಳಿರುತ್ತವೆ. ಲೈಪ್‌ಜಿಗ್ ಅಂತೂ ಅವುಗಳ ತವರೇ ಸರಿ. 1983ರ ಕಾನೂನಿನಂತೆ ಒಂದು ತೋಟ 400 ಚದರ ಮೀಟರಿಗಿಂತ ದೊಡ್ಡದಿರಬಾರದು, ಅದರೊಳಗಿನ ಗುಡಿಸಲು 24 ಚದರ ಮೀಟರ್ ಮೀರಬಾರದು. ಸುಮಾರು ಮೂರನೆಯ ಒಂದು ಭಾಗದಲ್ಲಿ ಹಣ್ಣು, ತರಕಾರಿ ಬೆಳೆಯಲೇಬೇಕು. ಬೇಲಿಯ ಗಿಡ ಎಷ್ಟೆತ್ತರ ಬೆಳೆಯಬೇಕೆಂಬುದಕ್ಕೂ ಸಂಘದ ನಿಯಮವಿದೆ. ಎಕರೆಗಟ್ಟಲೆ ತೋಟ, ಬೆಟ್ಟ ನೋಡಿದ ನಮಗೆ ಮೊದಲಿಗೆ ನಗು ಬರುತ್ತದೆ. ಆದರೆ ವರ್ಷಕ್ಕೆ ಇಂತಿಷ್ಟು ಗಂಟೆ ಎಲ್ಲರೂ ಕೂಡಿ ದಾರಿ ಗುಡಿಸುವ, ನೀರಿನ ಪೈಪು ರಿಪೇರಿ ಮಾಡುವ ಕಡ್ಡಾಯ ಕೆಲಸವಿರುವುದರಿಂದ, ಇಲ್ಲಿ ಯಾರೂ ಅಪರಿಚಿತರಾಗಿ ಉಳಿಯುವಂತಿಲ್ಲ.

ಮಳೆ ಬಿಡದೆ ಹೊಡೆದ ಒಂದು ಜುಲೈಯಲ್ಲಿ ಪಕ್ಕದ ತೋಟದ ಅಜ್ಜನ ಟೊಮೆಟೊ ಎಲೆಗಳು ಕಂದು ಕಲೆಬಿದ್ದು, ಕಾಯಿಗಳ ತೊಟ್ಟಿನ ಬಳಿ ಕೊಳೆತು ನಿಂತಿದ್ದವು. ನಮ್ಮ ಅಡಿಕೆಯ ಕೊಳೆರೋಗಕ್ಕೂ ಟೊಮೆಟೊದ ಈ ಅಂಗಮಾರಿಗೂ ಕಾರಣವಾಗುವ ರೋಗಾಣುಗಳು ಒಂದೇ ಕುಲದವು, ಫೈಟಾಫ್ಥೊರಾ. ಮಳೆಗಾಲಕ್ಕೆ ಮೊದಲು ಮೈಲುತುತ್ತ, ಸುಣ್ಣ ಕಲಸಿ, ಮರ ಹತ್ತಿ ಅಡಿಕೆ ಗೊನೆಗಳಿಗೆ ಆ ಬೋರ್ಡೋ ದ್ರಾವಣ ಹೊಡೆಯುವ ಕ್ರಮವನ್ನು ನಾನು ಲಿಂಗ, ವಿಭಕ್ತಿ ಎಲ್ಲ ಕೆಟ್ಟ ಜರ್ಮನ್‌ನಲ್ಲಿ, ಅರ್ಧ ಕೈಸನ್ನೆಯಲ್ಲಿ ವಿವರಿಸಿದೆ. ಅಷ್ಟೆತ್ತರದ ಮರವನ್ನು ಮನುಷ್ಯರು ಹತ್ತುತ್ತಾರೆಂಬುದನ್ನು ಅಜ್ಜ ನಂಬಲಿಲ್ಲ. ಮೊಬೈಲಿನಲ್ಲಿ ವಿಡಿಯೋ ತೋರಿಸಬೇಕಾಯಿತು. ಅಂದಿನಿಂದ ಅವರು ನನ್ನ ವ್ಯಾಕರಣ ತಿದ್ದುತ್ತಾರೆ, ನಾನು ಅವರ ಬಳ್ಳಿಗಳನ್ನು ಕಟ್ಟಿಕೊಡುತ್ತೇನೆ. ಬದುಕು ವಿಸ್ತಾರವಾಗುತ್ತದೆಯೇ ಎಂಬ ನಿಮ್ಮ ಪ್ರಶ್ನೆಗೆ ನನ್ನಲ್ಲಿರುವ ಉತ್ತರ ಇಷ್ಟೇ.

ತೋಟವೇ ಆಗಬೇಕೆಂದಿಲ್ಲ, ಗಾಯನವೃಂದವೋ ಊರಿನ ಸ್ವಯಂಸೇವಕ ಅಗ್ನಿಶಾಮಕ ದಳವೋ ಆದೀತು. ನಿಮ್ಮ ಕಸುಬಿಗೂ ಭಾಷೆಗೂ ಸಂಬಂಧವಿಲ್ಲದ ಜನರೊಂದಿಗೆ ಪ್ರತಿವಾರ ಕೈಜೋಡಿಸುವ ಕೆಲಸವಾದರೆ ಸಾಕು. ಜರ್ಮನ್ ಕಲಿಕೆಯನ್ನು ಊರಿನಲ್ಲಿರುವಾಗಲೇ ಆರಂಭಿಸಿ. ಬ್ಲೂ ಕಾರ್ಡಿನಲ್ಲಿ, ಅಂದರೆ ಉನ್ನತ ಶಿಕ್ಷಣ ಪಡೆದ ಹೊರದೇಶದ ಉದ್ಯೋಗಿಗಳಿಗೆ ಕೊಡುವ ಪರವಾನಗಿಯಲ್ಲಿ, ಬರುವವರಿಗೆ ಕಾಯಂ ವಾಸದ ಪರವಾನಗಿ ಎ1 ಎಂಬ ಆರಂಭಿಕ ಮಟ್ಟದ ಭಾಷೆಗೆ 27 ತಿಂಗಳಲ್ಲಿ, ಬಿ1 ಎಂಬ ಮಧ್ಯಮ ಮಟ್ಟಕ್ಕೆ 21 ತಿಂಗಳಲ್ಲಿ ಸಿಗುವ ಅವಕಾಶವಿದೆ, ಅದೂ ಒಂದು ಲಾಭ. ತೋಟಕ್ಕೆ ಮಾತ್ರ ಕಾಯುವವರ ಪಟ್ಟಿ ಉದ್ದವಿರಬಹುದು. ಮನೆ ಸೇರಿದ 2 ವಾರದೊಳಗೆ ವಿಳಾಸ ನೋಂದಣಿ ಮಾಡಿಸಲೇಬೇಕಲ್ಲ, ಅದು ಮುಗಿದ ದಿನವೇ ಹತ್ತಿರದ ಸಂಘವೊಂದಕ್ಕೆ ಹೆಸರು ಕೊಟ್ಟುಬಿಡಿ.